ತಾಗದೆ ಹಾಯಿಸಿದ ಬೀಮಿನ ಬೆಳಕು

ಕಲಬುರಗಿ, 9 ಮೇ 2025

ಇವತ್ತಿನ ಕೆಲಸ: ಎಸ್‌ಇಎಂನ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ) ಎಲೆಕ್ಟ್ರಾನ್ ಬೀಮನ್ನು ಚಿನ್ನ ಲೇಪಿಸಿದ ಗ್ರೇಟಿಂಗಿಗೆ, ಅಂದರೆ ಸಮದೂರದ ಗೀರುಗಳ ಹಲಗೆಗೆ, ತಾಗಿಸದೆ, ಅದರ ಮೈ ಸವರಿದಂತೆ ಹಾಯಿಸಿ ಬೆಳಕು ಪಡೆಯುವುದು. 1953ರಲ್ಲಿ ಸ್ಮಿತ್ ಮತ್ತು ಪರ್ಸೆಲ್ ತೋರಿಸಿದ ಪರಿಣಾಮ ಇದು. ಖಾಲಿ ಜಾಗದಲ್ಲಿ ಒಂದೇ ವೇಗದಲ್ಲಿ ಹೋಗುವ ಎಲೆಕ್ಟ್ರಾನ್ ಬೆಳಕು ಕೊಡಲಾರದು, ಶಕ್ತಿ-ಸಂವೇಗಗಳ ಲೆಕ್ಕ ಕೂಡುವುದಿಲ್ಲ. ಗೀರುಗಳ ಸಾಲು ಆ ಕೊರತೆ ತುಂಬುತ್ತದೆ. ಗೀರಿನಿಂದ ಗೀರಿಗೆ 200 ನ್ಯಾನೊಮೀಟರ್, ಬೀಮ್ 30 ಕಿಲೋವೋಲ್ಟ್, ವೇಗ ಬೆಳಕಿನ 0.328 ಪಾಲು. 200ನ್ನು 0.328ರಿಂದ ಭಾಗಿಸಿದರೆ, ಬೀಮಿಗೆ ಲಂಬವಾಗಿ ಬರುವ ಬೆಳಕು ಸುಮಾರು 610 ನ್ಯಾನೊಮೀಟರ್. ಕಿತ್ತಳೆ.

ಮೊದಲು ಬೆಳಕನ್ನು ಬಾಚಿಕೊಳ್ಳುವ ಪ್ಯಾರಾಬೋಲಾ ಕನ್ನಡಿ ಹೊಂದಿಸಬೇಕು. ಗ್ರೇಟಿಂಗಿನ ಬೆಳಕು ಅದಕ್ಕೆ ಸಾಲದು, ನಮ್ಮ ಶಹಾಬಾದಿ ಪರ್ಸಿ (ನೆಲಕ್ಕೆ ಹಾಸುವ ಸುಣ್ಣಕಲ್ಲು) ಸಾಕು. ಬಿಳಿ ಕ್ಯಾಲ್ಸೈಟ್ ಎಳೆ ಓಡಿದ ಚೂರನ್ನು 1 ಮೈಕ್ರಾನ್ ವಜ್ರದ ಪೇಸ್ಟಿನವರೆಗೆ ಪಾಲಿಶ್ ಮಾಡಿ, 10 ನ್ಯಾನೊಮೀಟರ್ ಕಾರ್ಬನ್ ಲೇಪಿಸಿ, ಗ್ರೇಟಿಂಗಿನ ನಡುಭಾಗದ ಎತ್ತರಕ್ಕೇ ಕೂರಿಸಿ. ಲೇಪ ಇಲ್ಲದಿದ್ದರೆ ಕಲ್ಲು ಚಾರ್ಜ್ ಆಗಿ ಬೀಮ್ ಜಾರುತ್ತದೆ. ಎಳೆಯಲ್ಲಿ ಮ್ಯಾಂಗನೀಸ್ ಇದ್ದರೆ 620ರ ಆಸುಪಾಸಿನಲ್ಲಿ ಕಿತ್ತಳೆಯಾಗಿ ಬೆಳಗುತ್ತದೆ. ಕಬ್ಬಿಣ ಹೆಚ್ಚಿದ್ದರೆ ಮಂಕಾಗುತ್ತದೆ, ಚೂರು ಬದಲಿಸಿ. ಸ್ಕ್ಯಾನ್ ನಿಧಾನವಿರಲಿ: ಮ್ಯಾಂಗನೀಸಿನ ಬೆಳಕು ಆರಲು ಮಿಲಿಸೆಕೆಂಡುಗಟ್ಟಲೆ ಬೇಕು, ಅವಸರಿಸಿದರೆ ಎಳೆಯ ಅಂಚಿಗೆ ಬಾಲ ಬೆಳೆಯುತ್ತದೆ.

ನಿಜವಾದ ಕಷ್ಟ ವಾಲಿನದು. ಬೀಮ್ ಮೇಲ್ಮೈಯಿಂದ 17 ನ್ಯಾನೊಮೀಟರ್ ಸರಿದರೆ ಬೆಳಕು ಹೆಚ್ಚುಕಡಿಮೆ ಮೂರರಲ್ಲೊಂದಕ್ಕೆ ಇಳಿಯುತ್ತದೆ. 20 ಮೈಕ್ರಾನ್ ಉದ್ದದ ಗ್ರೇಟಿಂಗ್ ಒಂದೇ ಮಿಲಿರೇಡಿಯನ್ ವಾಲಿದರೂ ತುದಿಯಿಂದ ತುದಿಗೆ 20 ನ್ಯಾನೊಮೀಟರ್ ವ್ಯತ್ಯಾಸ. ಒಂದು ತುದಿಗೆ ಬೀಮ್ ಬಡಿಯುತ್ತದೆ, ಇನ್ನೊಂದು ತುದಿಯ ಬೆಳಕು ಮೂರರಲ್ಲೊಂದಕ್ಕಿಂತಲೂ ಕೆಳಗಿಳಿಯುತ್ತದೆ. ಬೀಮಿನ ಹರವಿಗೂ ಇದೇ ಲೆಕ್ಕ, ಆದ್ದರಿಂದ ಅತಿ ಚಿಕ್ಕ ಅಪರ್ಚರ್ (ಬೀಮನ್ನು ಕಿರಿದಾಗಿಸುವ ರಂಧ್ರ) ಹಾಕಿ. ನಮ್ಮ ಬೇಸಿಗೆಯಲ್ಲಿ ಲೆನ್ಸನ್ನು ತಂಪಾಗಿಡುವ ಚಿಲ್ಲರ್ ನೀರಿನ ತಾಪ ತೂಗಾಡಿದರೆ ಲೆನ್ಸಿನ ಜೊತೆ ಬೀಮೂ ಸರಿಯುತ್ತದೆ. ಲೆನ್ಸ್ ಆನ್ ಮಾಡಿ ಎರಡು ಗಂಟೆ ಹಾಗೇ ಬಿಡಿ.

ಗ್ರೇಟಿಂಗಿನ ಬೆಳಕಿನ ಬಣ್ಣ ಕೋನದೊಂದಿಗೆ ಬದಲಾಗುತ್ತದೆ, ಕನ್ನಡಿಯೋ ಎಲ್ಲ ಕೋನಗಳ ಬೆಳಕನ್ನೂ ಬಾಚಿಕೊಳ್ಳುತ್ತದೆ. ತಡೆಯದಿದ್ದರೆ ರೋಹಿತ 410ರಿಂದ 810ರವರೆಗೆ ಹರಡಿ ಬರೀ ಹಿನ್ನೆಲೆಯಂತೆ ಕಾಣುತ್ತದೆ. 90 ಡಿಗ್ರಿಯ ಆಚೀಚೆ 2 ಡಿಗ್ರಿ ಮಾತ್ರ ಬಿಡುವ ಸೀಳು ಇಟ್ಟರೆ ಹರವು ಆಚೀಚೆ 7 ನ್ಯಾನೊಮೀಟರಿಗೆ ಇಳಿಯುತ್ತದೆ.

ಇಷ್ಟಾದರೂ ಕಿತ್ತಳೆ ಕಂಡ ಕೂಡಲೇ ನಂಬಬೇಡಿ. ಬೀಮ್ ಗ್ರೇಟಿಂಗಿನ ತಳದ ಸಿಲಿಕಾಗೆ ಬಡಿದರೆ ಅದೂ 650ರ ಸುತ್ತ ಕೆಂಪು ಸೂಸುತ್ತದೆ. ವೋಲ್ಟೇಜನ್ನು 20 ಕಿಲೋವೋಲ್ಟಿಗೆ ಇಳಿಸಿ. ಕಲ್ಲಿನ ಕಿತ್ತಳೆ, ಸಿಲಿಕಾದ ಕೆಂಪು ಎರಡೂ ಇದ್ದಲ್ಲೇ ಇರುತ್ತವೆ, ಗ್ರೇಟಿಂಗಿನದು 736ಕ್ಕೆ ಸರಿಯುತ್ತದೆ. ವೋಲ್ಟೇಜ್ ಬದಲಾದಾಗ ಬೀಮೂ ಜಾಗ ಬಿಟ್ಟಿರುತ್ತದೆ. ವಾಲು ಮತ್ತೆ ತಿದ್ದಿಯೇ ಅಳೆಯಿರಿ, ಇಲ್ಲದಿದ್ದರೆ 736ರಲ್ಲಿ ಏನೂ ಕಾಣದು.