ಅಮ್ಮ ಸರಿ, ಹುಡುಗ?

ಕೊಲಂಬೊದಲ್ಲಿ ಪೇಪರ್ ಮಂಡಿಸಿ ಬಂದು ಇವತ್ತಿಗೆ 6 ದಿನ. ಬೆಣ್ಣೆ ದೋಸೆ ಕೊಡಿಸು ಅಂತ ಗೆಳತಿಯರು ಬೆನ್ನು ಬಿದ್ದಿದ್ದಾರೆ. ಅಪ್ಪ ಆಗಲೇ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದಾರೆ. ನನ್ನ ತಲೆಯಲ್ಲಿ ಮಾತ್ರ ಒಂದೇ ಮಾತು ಸುತ್ತುತ್ತಿದೆ. "ಅಮ್ಮ ಸರಿ. ಹುಡುಗ?"

ಕೇಳಿದವರು ಅಲ್ಲಿನ ಒಬ್ಬ ಟೀಚರ್. ಅರವತ್ತರ ಹತ್ತಿರದ ವಯಸ್ಸು, ಹತ್ತಿ ಸೀರೆ, ಮೂರನೇ ಸಾಲಿನ ತುದಿಯ ಕುರ್ಚಿ. ನಾನು ಒಬ್ಬ ಹುಡುಗ ಬರೆದ ಹಾಳೆ ತೋರಿಸಿ, ಮಾತು ಮುಗಿಸಿ ನೀರು ಕುಡಿಯುತ್ತಿದ್ದೆ. ಮೆತ್ತಗೆ ಎದ್ದು ನಿಂತು, "ಈ ಹಾಳೆಯನ್ನು ಇಲ್ಲಿ ತೋರಿಸೋಕೆ ಒಪ್ಪಿಗೆ ತಗೊಂಡಿದ್ದೀರಾ?" ಅಂದರು. "ಹೌದು, ಅವನ ಅಮ್ಮ ಸಹಿ ಹಾಕಿದ್ದಾರೆ" ಅಂದೆ. ಈ ಪ್ರಶ್ನೆಗೆ ತಯಾರಿ ಮಾಡಿಕೊಂಡೇ ಹೋಗಿದ್ದೆ. ಅವರು ತಲೆಯಾಡಿಸಿ, "ಅಮ್ಮ ಸರಿ. ಹುಡುಗ?" ಅಂದರು. ಅಷ್ಟೇ. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಟೈಮ್ ಆಯ್ತು ಅಂತ ಮುಂದಿನವರನ್ನು ಕರೆದರು.

ನಾನು ಬಿ.ಎಡ್. ವಿಶೇಷ ಶಿಕ್ಷಣ, ಎರಡನೇ ವರ್ಷ. ನನ್ನ ಪೇಪರ್ ಇದ್ದದ್ದು ಕಲಿಕಾ ನ್ಯೂನತೆ ಇರುವ ಮಕ್ಕಳು ಮತ್ತು ಒತ್ತಕ್ಷರದ ಬಗ್ಗೆ. ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಡಕು, ಅಂದ ಕೂಡಲೇ ಎಲ್ಲರೂ ಇಂಗ್ಲಿಷ್ ಉದಾಹರಣೆ ಕೊಡುತ್ತಾರೆ. ಇಂಗ್ಲಿಷಿನಲ್ಲಿ 26 ಅಕ್ಷರ. ನಮ್ಮ ಮಗು 49 ಕಲಿತ ಮೇಲೆ ಕಾಗುಣಿತ, ಅದು ಮುಗಿದ ಮೇಲೆ ಒತ್ತು. ಕೆಲವು ಒತ್ತು ಮೂಲ ಅಕ್ಷರದ ಹಾಗೇ ಇರುತ್ತವೆ. ತ, ಮ, ಯ ಒತ್ತುಗಳಿಗೆ ಆಕಾರವೇ ಬೇರೆ. ಅರ್ಕಾವತ್ತಂತೂ ಬಾಯಲ್ಲಿ ಮೊದಲು ಬರುತ್ತದೆ, ಬರೆಯುವಾಗ ಆಮೇಲೆ. ಓದುತ್ತಾ ಕಣ್ಣು ಮುಂದೆ ಓಡುತ್ತಿದ್ದರೆ ಒತ್ತು ಕೆಳಗೆ ಸುಮ್ನೆ ಕೂತಿರುತ್ತದೆ. ಎಷ್ಟೋ ಮಕ್ಕಳನ್ನು ಇದೇ ಕಾರಣಕ್ಕೆ ದಡ್ಡರು ಅಂತ ಹಿಂದಿನ ಬೆಂಚಿಗೆ ಕಳಿಸಿದ್ದಾರೆ. ಅದು ನನಗೆ ಈಗಲೂ ಹೊಟ್ಟೆ ಉರಿಸುವ ವಿಷಯ. ಅಂಗವಿಕಲರಿಗಾಗಿ ಬಂದ 1995ರ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇರಲೇ ಇಲ್ಲ. 2016ರ ಕಾಯ್ದೆ 7 ಬಗೆಯ ಅಂಗವೈಕಲ್ಯ ಇದ್ದ ಪಟ್ಟಿಯನ್ನು 21 ಮಾಡಿದಾಗ ಅದೂ ಸೇರಿತು.

ಕೊಲಂಬೊದಲ್ಲಿ ಬಸ್ಸಿನ ಬೋರ್ಡು ನೋಡಿದಾಗ ಮೊದಲು ನೆನಪಾದವನು ಆ ಹಾಳೆಯ ಹುಡುಗನೇ. ಸಿಂಹಳದ ಅಕ್ಷರವೂ ನಮ್ಮ ಹಾಗೇ ದುಂಡು ದುಂಡು. ಇಲ್ಲಿನ ಮಕ್ಕಳಿಗೂ ಇದೇ ಪಾಡಿರಬೇಕು ಅನ್ನಿಸಿತು.

ನಾಲ್ಕನೇ ಕ್ಲಾಸಿನ ಹುಡುಗ. ಅವನ ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಪೆನ್ಸಿಲ್ ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಒಂದು ದಿನ ಅವನೇ ಜೇಬಿನಿಂದ ಒಂದು ಹಿಡಿ ಮಂಡಕ್ಕಿ ತೆಗೆದು ಸ್ಲೇಟಿನ ಮೇಲೆ ಸುರಿದ. ಆವತ್ತಿನಿಂದ ನಮಗೆ ಅದೇ ಅಕ್ಷರ. ಒಂದೊಂದೇ ಕಾಳು ಬೆರಳ ತುದಿಯಲ್ಲಿ ಒತ್ತಿ, ಸರಿಸಿ ಕ ಕೂರಿಸುತ್ತಿದ್ದ. ಅದರ ಕೆಳಗೆ ಸಣ್ಣದಾಗಿ ಒತ್ತು. ಕಾಳು ಜಾರಿದರೆ ಉಸಿರು ಬಿಗಿ ಹಿಡಿದು ಮತ್ತೆ ಕೂರಿಸುತ್ತಿದ್ದ. ತಪ್ಪಾದರೆ ಆ ಕಾಳುಗಳನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ತಪ್ಪು ಅಲ್ಲಿಗೆ ಮುಗಿಯಿತು.

ನಾನು ಅಲ್ಲಿ ತೋರಿಸಿದ್ದು ಶುರುವಿನಲ್ಲಿ ಅವನು ಬರೆದ ಹಾಳೆ. 'ಮಂಡಕ್ಕಿ' ಅನ್ನೋದು 'ಮಡಕಿ' ಆಗಿತ್ತು. ಸೊನ್ನೆ ಇಲ್ಲ, ಒತ್ತು ಇಲ್ಲ. ಹೆಸರು ತೆಗೆದಿದ್ದೆ, ಫೋಟೋದಲ್ಲಿ ಮುಖ ಕಾಣದ ಹಾಗೆ ಮಾಡಿದ್ದೆ. ಎಲ್ಲಾ ನಿಯಮದ ಪ್ರಕಾರ. ಅವನ ಅಮ್ಮ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, "ನೀವು ಹೇಳಿದ ಮೇಲೆ ಮುಗೀತು, ಎಲ್ಲಿ ಹಾಕ್ಲಿ?" ಅಂದಿದ್ದರು. ಪತ್ರ ಇದ್ದದ್ದು ಇಂಗ್ಲಿಷಿನಲ್ಲಿ. ಅವರು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು. ನಾನು ಎರಡು ಮಾತಲ್ಲಿ ಹೇಳಿ ಮುಗಿಸಿದ್ದೆ. ಅವರದು ನಂಬಿಕೆ, ನನ್ನದು ಅವಸರ.

ನನ್ನ ಎರಡನೇ ಸ್ಲೈಡಿನಲ್ಲೇ ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ 2006ರ ಒಡಂಬಡಿಕೆ ಇತ್ತು, ಭಾರತ 2007ರಲ್ಲಿ ಒಪ್ಪಿಕೊಂಡದ್ದು. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಅಂಗವಿಕಲ ಮಕ್ಕಳಿಗಿದೆ ಅಂತ ಅದರ 7ನೇ ವಿಧಿ ಹೇಳುತ್ತದೆ. ನಮ್ಮ 2016ರ ಕಾಯ್ದೆಯ 4ನೇ ಸೆಕ್ಷನ್ನಿನಲ್ಲೂ ಇದೇ ಮಾತಿದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಮಾರ್ಕ್ಸೂ ಬಂದಿತ್ತು.

ಊರಿಗೆ ಬಂದ ಮಾರನೇ ದಿನವೇ ಶಾಲೆಗೆ ಹೋದೆ. ಲ್ಯಾಪ್‌ಟಾಪ್ ತೆಗೆದು ಅವನ ಮುಂದಿಟ್ಟೆ. ಖುಷಿ ಪಡುತ್ತಾನೆ ಅಂತ ಒಳಗೊಳಗೇ ಆಸೆ ಇತ್ತು. ತುಂಬಾ ಹೊತ್ತು ನೋಡಿದ.

"ಎಷ್ಟು ಜನ ಇದ್ರು ಮಿಸ್?"

"ನಲವತ್ತು ಜನ ಇದ್ರೇನೋ."

"ಎಲ್ಲಾರೂ ನೋಡಿದ್ರಾ?"

"ಅಲ್ಲಿ ಯಾರಿಗೂ ಕನ್ನಡ ಬರಲ್ಲ ಕಣೋ. ನೀನು ಏನು ಬರೆದಿದ್ದೀಯ ಅಂತಾನೇ ಗೊತ್ತಾಗಿಲ್ಲ."

ಅವನು ಪರದೆಯ ಮೇಲೆ ಬೆರಳಿಟ್ಟ. "ಕೆಂಪು ರೌಂಡ್ ಹಾಕೀರಲ್ಲ ಮಿಸ್."

ಹೌದು, ಹಾಕಿದ್ದೆ. ಒತ್ತು ಬಿಟ್ಟುಹೋದ ಜಾಗ ಎದ್ದು ಕಾಣಲಿ ಅಂತ ನಾನೇ ಹಾಕಿದ ಸುತ್ತು. ಕನ್ನಡ ಬರದವರಿಗೂ ಕೆಂಪು ಸುತ್ತು ಓದೋಕೆ ಬರುತ್ತದೆ ಅಲ್ವಾ? ಹಿಂದಿನ ಬೆಂಚಿಗೆ ಕಳಿಸುವ ಮೇಷ್ಟ್ರ ಮೇಲೆ ನನಗೆ ಅಷ್ಟು ಸಿಟ್ಟು. ಆ ಮೇಷ್ಟ್ರು ಅವನ ತಪ್ಪನ್ನು ಒಂದು ಕ್ಲಾಸಿಗೆ ತೋರಿಸಿದ್ದರು, ನಾನು ಸಮುದ್ರ ದಾಟಿಸಿದೆ.

ಒತ್ತು ಕೂರಿಸೋಕೆ ಅವನು ಪಟ್ಟ ಪಾಡು, ಮಂಡಕ್ಕಿಯ ಉಪಾಯ ಹೊಳೆದದ್ದು ಅವನಿಗೇ ಅನ್ನೋದು, ಇದೆಲ್ಲಾ ಕೊನೆಯ ಸ್ಲೈಡಿನಲ್ಲಿ ಅರ್ಧ ನಿಮಿಷಕ್ಕೆ ಮುಗಿದಿತ್ತು. ಚಪ್ಪಾಳೆ ಬಿದ್ದದ್ದು ನನಗೆ.

"ತಪ್ಪಾಯ್ತು. ನಿನ್ನನ್ನ ಕೇಳಬೇಕಿತ್ತು" ಅಂದೆ. ಅವನು ಏನೂ ಅನ್ನಲಿಲ್ಲ. ಕಿಟಕಿ ಕಡೆ ನೋಡುತ್ತಾ ಕೂತ. ಎರಡು ದಿನ ನನ್ನ ಹತ್ತಿರ ಜಾಸ್ತಿ ಮಾತಾಡಲಿಲ್ಲ.

ಮೊನ್ನೆ ಮತ್ತೆ ಹೋಗಿ, ಇದನ್ನೆಲ್ಲಾ ಬರೀಬೇಕು ಅನ್ನಿಸಿದೆ, ಬರೀಲಾ ಅಂತ ಕೇಳಿದೆ. ಅಮ್ಮನಿಗೂ ಈ ಸಲ ಕನ್ನಡದಲ್ಲೇ ಕೂತು ಪೂರ್ತಿ ಹೇಳಿದೆ. ಅವನು ಯೋಚನೆ ಮಾಡಿದ. ಹೆಸರು ಬೇಡ ಅಂದ. 'ಮಡಕಿ' ಅಂತ ಬರೆದದ್ದನ್ನ ಹೇಳಬಹುದಾ ಅಂದೆ. "ಹೇಳ್ರಿ. ಆದ್ರೆ ಈಗ ಬರ್ತತಿ ಅಂತಾನೂ ಹೇಳ್ಬೇಕು" ಅಂದ. ನಾನು ಕೇಳದೇನೇ ಬ್ಯಾಗಿನಿಂದ ಹಾಳೆ ತೆಗೆದು, ಪೆನ್ಸಿಲ್ ಹಿಡಿದು ನಿಧಾನಕ್ಕೆ ಬರೆದ. ಮಂಡಕ್ಕಿ. ಮ ಪಕ್ಕ ಸೊನ್ನೆ. ಕೆಳಗೆ ಕ ಒತ್ತು, ಗೆರೆಗೆ ತಾಗುವ ಹಾಗೆ ಗಟ್ಟಿಯಾಗಿ ಒತ್ತಿ ಬರೆದದ್ದು.

"ಇದನ್ನ ಆ ಟೀಚರ್‌ಗೆ ಕಳಿಸ್ರಿ ಮಿಸ್" ಅಂದ.

ಅವರ ವಿಳಾಸ ನನ್ನ ಹತ್ತಿರ ಇತ್ತು. ನಿನ್ನೆ ರಾತ್ರಿ ಫೋಟೋ ತೆಗೆದು, ಅವನು ಬರೆದದ್ದು ಹೇಗಿತ್ತೋ ಹಾಗೇ ಕಳಿಸಿದೆ.