ಅಂಗಡಿಗೊಂದು ಪೇಜ್ ಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಂಡ್ಯದ ಸಣ್ಣಪುಟ್ಟ ವ್ಯಾಪಾರಸ್ಥರಿಗೆ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಪೇಜ್ ನೋಡಿಕೊಡುವುದು ನನ್ನ ಕೆಲಸ. ಹಾಗಾಗಿ ಮದುವೆ ಮನೇಲಿ ಊಟಕ್ಕೆ ಕೂತರೂ ಪಕ್ಕದವರು ಕೇಳುವುದು ಒಂದೇ: "ಪೇಜ್ ಮಾಡಿದ್ರೆ ವ್ಯಾಪಾರ ಜಾಸ್ತಿ ಆಗುತ್ತಾ?" ನಾನು ತಿರುಗಿ ಕೇಳುತ್ತೇನೆ: ಮೆಸೇಜ್ ಬಂದರೆ ಉತ್ತರ ಕೊಡೋರು ಯಾರು? ಬಹಳ ಜನ ಅಲ್ಲಿಗೇ ಮಾತು ಬಿಟ್ಟು ಪಾಯಸ ಹಾಕಿಸಿಕೊಳ್ಳುತ್ತಾರೆ.

ಪೇಜ್ ತೆರೆಯುವುದು ದೊಡ್ಡ ಕೆಲಸವೇನಲ್ಲ. ಜನ ನೋಡುವಂತೆ ಮಾಡುವುದೂ ಈಗ ಮೊದಲಿನಷ್ಟು ಕಷ್ಟವಿಲ್ಲ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲೇ ಇನ್‌ಸ್ಟಾಗ್ರಾಮ್ ನಮ್ಮಲ್ಲಿ ರೀಲ್ಸ್ ಶುರು ಮಾಡಿತು, ಈಗ ನಿಮ್ಮನ್ನು ಫಾಲೋ ಮಾಡದವರ ಮುಂದೆಯೂ ನಿಮ್ಮ ವಿಡಿಯೋ ಹೋಗಿ ನಿಲ್ಲುತ್ತದೆ. ಪಜೀತಿ ಶುರುವಾಗುವುದು ಆಮೇಲೆ.

ನಮ್ಮ ಕಡೆಯ ಒಂದು ಆಲೆಮನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದು, ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ತೇಲಿದ ಕೊಳೆ ತೆಗೆಯುವುದು, ಪಾಕವನ್ನು ಅಚ್ಚಿಗೆ ಸುರಿಯುವುದು. ರೀಲ್‌ನಲ್ಲಿ ಇದ್ದದ್ದು ಇಷ್ಟೇ, ಆದರೆ ಚೆನ್ನಾಗಿ ಓಡಿತು. "ರೇಟ್ ಎಷ್ಟು ಅಣ್ಣ?" "ಹುಬ್ಬಳ್ಳಿಗೆ ಕಳಿಸ್ತೀರಾ?" "ಇಷ್ಟು ಕಪ್ಪಗಿದೆಯಲ್ಲ, ಹಳೇದಾ?" ಒಂದರ ಹಿಂದೆ ಒಂದು. ಪಾಕ ಹದಕ್ಕೆ ಬರುವಾಗ ಮಾಲೀಕರು ಫೋನ್ ಮುಟ್ಟುವ ಹಾಗಿಲ್ಲ, ಕೊಂಚ ಆಚೀಚೆ ಆದರೂ ತಳ ಹಿಡಿಯುತ್ತದೆ. ಸಂಜೆ ಕೈ ತೊಳೆದುಕೊಂಡು ನೋಡುವ ಹೊತ್ತಿಗೆ ಕೇಳಿದವರು ಬೇರೆ ಯಾರ ಹತ್ತಿರವೋ ತಗೊಂಡಿರುತ್ತಾರೆ. ಇನ್ನು ಒಂದೇ ಕೆಜಿ ಸಾಕು ಅನ್ನುವವರಿಗೆ ಕೊರಿಯರ್ ಚಾರ್ಜ್ ಹೇಳಿದರೆ ಆ ಕಡೆಯಿಂದ ಸದ್ದೇ ಇಲ್ಲ.

ಆ ಆಲೆಮನೆಯ ವ್ಯಾಪಾರ ಕುದುರಿದ್ದು ಮಗಳು ಫೋನ್ ಕೈಗೆ ತಗೊಂಡ ಮೇಲೆ. ಅವಳು ಅಪ್ಪನ ಹತ್ತಿರ ಒಂದು ವಾಯ್ಸ್ ಮೆಸೇಜ್ ಮಾಡಿಸಿಟ್ಟುಕೊಂಡಳು: "ಹೈಡ್ರೋಸ್ ಅನ್ನೋ ಕೆಮಿಕಲ್ ಹಾಕಿದ್ರೆ ಬೆಲ್ಲ ಹಳದಿ ಆಗುತ್ತೆ ಕಣಮ್ಮ, ನಾವು ಹಾಕಲ್ಲ, ಅದಕ್ಕೇ ಈ ಬಣ್ಣ." ಬಣ್ಣದ ಬಗ್ಗೆ ಯಾರು ಕೇಳಿದರೂ ಅದೇ ಹೋಗುತ್ತದೆ. ಐದು ಕೆಜಿಗೆ ಕಮ್ಮಿ ಕಳಿಸಲ್ಲ ಅಂತ ಮೊದಲೇ ಬರೆದಳು. ಒಂದು ಸಲ ತಗೊಂಡವರಿಗೆಲ್ಲ "ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಹೇಳುತ್ತಾಳೆ, ಯಾಕೆಂದರೆ ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ (ಒಂದೇ ಮೆಸೇಜ್ ಬಹಳ ಜನಕ್ಕೆ ಒಟ್ಟಿಗೆ ಹೋಗುವ ಪಟ್ಟಿ) ಕಳಿಸಿದ್ದು ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಅಂಗಡಿಯವರು ಹಬ್ಬದ ಆಫರ್ ಕಳಿಸಿ ಸುಮ್ನೆ ಕಾಯುತ್ತಾ ಕೂರುತ್ತಾರೆ.

ಮನೆ ಮಗಳಾದ್ದರಿಂದ ಅಲ್ಲಿ ಯಾರೂ ಸಂಬಳ ಕೇಳಲಿಲ್ಲ. ಅದೂ ಸರಿ ಅಂತ ನನಗೆ ಅನಿಸುವುದಿಲ್ಲ, ಇರಲಿ. ಕೆಲಸಕ್ಕೆ ಇಟ್ಟುಕೊಂಡವರ ಕಥೆ ಇನ್ನೂ ಕಷ್ಟ. ಮೈಸೂರಿನ ಬಟ್ಟೆ ಅಂಗಡಿಗಳಲ್ಲಿ ಸೀರೆ ತೋರಿಸುವ ಹುಡುಗಿಯರು ಈಗ ಅದೇ ಸೀರೆ ಹೆಗಲಿಗೆ ಹಾಕಿಕೊಂಡು ಕ್ಯಾಮೆರಾ ಮುಂದೆ ಮಾತಾಡಬೇಕು, ಮನೆಗೆ ಹೋದಮೇಲೆ "ಈ ಕಲರ್ ಇದೆಯಾ" ಅಂತ ಬಂದ ಮೆಸೇಜ್‌ಗೂ ಉತ್ತರ ಕೊಡಬೇಕು. ಸಂಬಳ ಮಾತ್ರ ಹಳೇದೇ. ರಾತ್ರಿ ಹತ್ತಕ್ಕೆ ಗ್ರೂಪ್‌ನಲ್ಲಿ ಓನರ್ ಮೆಸೇಜ್ ಬೀಳುತ್ತದೆ. ನೋಡಿದರೆ ನೀಲಿ ಗೀಟು, ನೋಡದಿದ್ದರೆ ಬೆಳಿಗ್ಗೆ ಬೈಗುಳ. ನನ್ನನ್ನು ಕೇಳುವ ಮಾಲೀಕರಿಗೆ ನಾನು ನೇರವಾಗಿ ಹೇಳುತ್ತೇನೆ: ರಾತ್ರಿಯ ಉತ್ತರಕ್ಕೂ ದುಡ್ಡು ಕೊಡಿ, ಇಲ್ಲವಾದರೆ ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ "ಅಂಗಡಿ ಮುಚ್ಚಿದೆ, ಬೆಳಿಗ್ಗೆ ತಿಳಿಸುತ್ತೇವೆ" ಅಂತ ತಾನಾಗಿಯೇ ಹೋಗುವ ಮೆಸೇಜ್ ಹಾಕಿಡಿ. ಸೀರೆ ಕೊಳ್ಳೋರು ಬೆಳಗಿನ ತನಕ ಕಾಯುತ್ತಾರೆ, ಅದೇನು ಆಂಬುಲೆನ್ಸ್ ಅಲ್ವಲ್ಲ.

ನೆಂಟರಿಷ್ಟರ ವಿಷಯಕ್ಕೆ ಬಂದರೆ, ಪೇಜ್ ಶುರು ಮಾಡಿದ ಮೊದಲ ವಾರ ಲೈಕ್ ಒತ್ತುವವರು ಅವರೇ, ಸಾಮಾನು ತಗೊಳ್ಳುವುದು ಬೇರೆ ಕಡೆ. ಬೇಜಾರು ಮಾಡಿಕೊಳ್ಳಬೇಡಿ. ಲೈಕ್ ಒತ್ತಿದರೆ ಮುಗಿಯಿತು ಅನ್ನುವ ಹಾಗೆಯೇ, ಲಗ್ನಪತ್ರಿಕೆಯನ್ನು ಫ್ಯಾಮಿಲಿ ಗ್ರೂಪ್‌ಗೆ ಹಾಕಿ ಕರೆದಾಯಿತು ಅಂದುಕೊಳ್ಳುವವರೂ ಇದ್ದಾರೆ. "ಬಾಗಿಲಿಗೆ ಬಂದು ಕರೀಲಿಲ್ಲ" ಅಂತ ದೊಡ್ಡಪ್ಪ ಮದುವೆಗೇ ಬರುವುದಿಲ್ಲ. ಈ ವಿಷಯದಲ್ಲಿ ನಾನು ದೊಡ್ಡಪ್ಪನ ಕಡೆ.

ದುಡ್ಡು ಕೊಟ್ಟು ಬೂಸ್ಟ್ ಮಾಡಿಸಬೇಕಾ, ಅಂದರೆ ಪೋಸ್ಟ್ ಇನ್ನಷ್ಟು ಜನಕ್ಕೆ ಕಾಣುವ ಹಾಗೆ ಮಾಡಿಸಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಈಗಲೇ ಬೇಡ. ಮೊದಲು ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಅಂಗಡಿಯ ಫೋನ್ ನಂಬರ್, ಬಾಗಿಲು ತೆರೆಯುವ ಹೊತ್ತು, ವಾರದ ರಜೆ ಸರಿಯಾಗಿದೆಯಾ ನೋಡಿ. ಬೆಂಗಳೂರಿಂದ ಬಂದವರು ಬೀಗ ನೋಡಿಕೊಂಡು ವಾಪಸ್ ಹೋಗಿ ಒಂದು ಸ್ಟಾರ್ ಕೊಟ್ಟರೆ, ಅದಕ್ಕೂ ಉತ್ತರ ಬರೆಯಬೇಕಾದವರು ನೀವೇ.