ಹೆಸರು ಒಂದು ಕಂಪನಿ, ಒಲೆ ಇನ್ನೊಂದು ಕಂಪನಿ

ಟಿವಿ ಶೆಫ್ ಒಬ್ಬರ ಆಸ್ತಿ ಇಷ್ಟು ಕೋಟಿ ಅಂತ ಮೊಬೈಲ್‌ನಲ್ಲಿ ಆಗಾಗ ಒಂದು ಅಂಕಿ ಬಂದು ಬೀಳುತ್ತದೆ. ನೋಡಿದವರು 'ಅಬ್ಬಾ, ಅಡುಗೆ ಮಾಡಿ ಇಷ್ಟು ದುಡ್ಡಾ' ಅಂತ ಬಾಯಿ ಬಿಡುತ್ತಾರೆ. ನಾನು ಬೆಂಗಳೂರಿನಲ್ಲಿ ಆಡಿಟರ್. ನನ್ನ ಕ್ಲೈಂಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಟೆಲ್, ಬೇಕರಿ, ಕೇಟರಿಂಗ್‌ನವರು. ಹಾಗಾಗಿ ಆ ಅಂಕಿ ನೋಡಿದಾಗ ನನಗೆ ಬರುವ ಪ್ರಶ್ನೆ ಬೇರೆ. ದುಡ್ಡು ಯಾವ ಕಂಪನಿಯಲ್ಲಿದೆ?

ದೊಡ್ಡ ಹೆಸರಿನ ಶೆಫ್ ಹಿಂದೆ ನಾಲ್ಕೈದು ಕಂಪನಿಗಳಿರುತ್ತವೆ. ಒಂದರಲ್ಲಿ ಪುಸ್ತಕ, ಟಿವಿ. ಒಂದರಲ್ಲಿ ಬಾಣಲೆ, ಸಾಸ್, ಮಿಕ್ಸಿಗೆ ಹೆಸರು ಕೊಟ್ಟಿದ್ದಕ್ಕೆ ಬರುವ ರಾಯಲ್ಟಿ. ಇನ್ನೊಂದರಲ್ಲಿ ಹೋಟೆಲ್‌ಗಳು. ಜನರ ಕಣ್ಣಿಗೆ ಬೀಳುವುದು ಕೊನೆಯದು. ದುಡ್ಡು ಉಳಿಯುವುದು ಹೆಚ್ಚಾಗಿ ಮೊದಲೆರಡರಲ್ಲಿ.

ಇದನ್ನು ನಾನು ಗಟ್ಟಿಯಾಗಿ ನಂಬಿದ್ದು ಟಿವಿ ಶೆಫ್ ಜೇಮಿ ಆಲಿವರ್ ವಿಷಯ ಓದಿದ ಮೇಲೆ. ಇಂಗ್ಲೆಂಡಿನ ಎಸೆಕ್ಸ್ ಕಡೆಯವರು, 1975ರಲ್ಲಿ ಹುಟ್ಟಿದವರು. ಕ್ಲೇವರಿಂಗ್ ಅನ್ನೋ ಊರಲ್ಲಿ ಅಪ್ಪ ಅಮ್ಮ ಪಬ್ ನಡೆಸುತ್ತಿದ್ದರು, ಅಡುಗೆಮನೆ ಕೆಲಸ ಕಲಿತದ್ದು ಅಲ್ಲೇ. ಮುಂದೆ ಲಂಡನ್ನಿನ ರಿವರ್ ಕೆಫೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಗೆ ಶೂಟಿಂಗ್‌ಗೆ ಬಂದ ಟಿವಿಯವರ ಕ್ಯಾಮೆರಾಗೆ ಈ ಪಟಪಟ ಮಾತಿನ ಹುಡುಗ ಸಿಕ್ಕಿಬಿದ್ದ. 1999ರಲ್ಲಿ ಬಿಬಿಸಿಯಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು. 2000ದಿಂದ 2011ರವರೆಗೆ ಸೇನ್ಸ್‌ಬರೀಸ್ ಸೂಪರ್‌ಮಾರ್ಕೆಟ್ ಜಾಹೀರಾತುಗಳ ಮುಖ ಅವರೇ. 2005ರಲ್ಲಿ ಸರ್ಕಾರಿ ಶಾಲೆಗಳ ಊಟ ಸರಿಮಾಡಿ ಅಂತ ಟಿವಿಯಲ್ಲಿ ದೊಡ್ಡ ಗಲಾಟೆ ಎಬ್ಬಿಸಿದರು. ಪುಸ್ತಕಗಳಂತೂ ಬ್ರಿಟನ್ನಿನಲ್ಲಿ ಲಕ್ಷ ಲಕ್ಷ ಪ್ರತಿ ಹೋದವು.

ಇಷ್ಟರಲ್ಲಿ ಅವರು ಆರಾಮಾಗಿ ಇರಬಹುದಿತ್ತು. ಆದರೆ 2008ರಲ್ಲಿ ಆಕ್ಸ್‌ಫರ್ಡ್‌ನಲ್ಲಿ 'ಜೇಮೀಸ್ ಇಟಾಲಿಯನ್' ತೆರೆದರು. ಮಧ್ಯಮ ವರ್ಗದವರು ಕೂತು ಪಾಸ್ತಾ ತಿನ್ನುವ ಜಾಗ. ಊರೂರಿಗೂ ಹಬ್ಬಿತು.

ಇಲ್ಲಿ ಒಂಚೂರು ನಮ್ಮ ಆಫೀಸಿನ ಲೆಕ್ಕಕ್ಕೆ ಬನ್ನಿ, ಆಮೇಲೆ ಇಂಗ್ಲೆಂಡಿಗೆ ವಾಪಸ್ ಹೋಗೋಣ.

ನನ್ನ ಹತ್ತಿರ ಬರುವ ಫೈಲುಗಳಲ್ಲಿ, ಕೂತು ಊಟ ಮಾಡುವಂಥ ಮಧ್ಯಮ ದರದ ಹೋಟೆಲ್ಲಿನ 100 ರೂಪಾಯಿ ಮಾರಾಟ ಹೆಚ್ಚುಕಡಿಮೆ ಹೀಗೆ ಕರಗುತ್ತದೆ. ದಿನಸಿ, ತರಕಾರಿ, ಹಾಲು ಸೇರಿ ಸುಮಾರು 34. ಭಟ್ಟರು, ಸಪ್ಲೈಯರ್, ಕ್ಲೀನಿಂಗ್ ಹುಡುಗರ ಸಂಬಳ, ಅವರ ರೂಮ್ ಬಾಡಿಗೆ ಎಲ್ಲಾ ಸೇರಿದರೆ 24. ಜಾಗದ ಬಾಡಿಗೆ 15. ಗ್ಯಾಸ್, ಕರೆಂಟ್, ನೀರಿನ ಟ್ಯಾಂಕರ್ 8. ಡೆಲಿವರಿ ಆಪ್‌ನವರ ಕಮಿಷನ್, ಫ್ರಿಜ್ ರಿಪೇರಿ, ಒಡೆದ ಲೋಟ, ಇನ್ನಿತರೆ ಅಂತ ಇನ್ನೊಂದು 8. ಉಳಿದದ್ದು 11. ಬ್ಯಾಂಕಿನ ಬಡ್ಡಿ ಇನ್ನೂ ಕಟ್ಟಿಲ್ಲ.

ಬಾಡಿಗೆಯಲ್ಲಿ ಒಂದು ತೂತಿದೆ, ಹೊಸದಾಗಿ ಹೋಟೆಲ್ ಮಾಡುವವರಿಗೆ ಅದು ಕಾಣುವುದೇ ಇಲ್ಲ. ಊಟದ ಬಿಲ್ ಮೇಲೆ 5% ಜಿಎಸ್‌ಟಿ ಹಾಕುವ ಹೋಟೆಲ್‌ಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ತನ್ನ ಖರ್ಚಿನ ಮೇಲೆ ಕೊಟ್ಟ ಜಿಎಸ್‌ಟಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಹಾಗಿಲ್ಲ. ಓನರ್ ಬಾಡಿಗೆ ಒಂದು ಲಕ್ಷ ಅಂದರೆ ಅದರ ಮೇಲಿನ 18% ಜಿಎಸ್‌ಟಿ ವಾಪಸ್ ಬರುವುದಿಲ್ಲ. ಖರ್ಚು 1,18,000. ರಾಯಲ್ಟಿಗೂ ಇದೇ ಕಥೆ. ಟಿವಿ ಶೆಫ್ ಹೆಸರು ಬೋರ್ಡಿನ ಮೇಲೆ ಬೇಕು ಅಂತ 6% ರಾಯಲ್ಟಿ ಒಪ್ಪಿಕೊಂಡರೆ, ತೆರಿಗೆ ಸೇರಿ ಅದು 7 ದಾಟುತ್ತದೆ. ಹನ್ನೊಂದರಲ್ಲಿ ಏಳು ಹೋಯಿತು ನೋಡಿ.

ಆ 6% ಲೆಕ್ಕ ಹಾಕುವುದು ಮಾರಾಟದ ಮೇಲೆ, ಲಾಭದ ಮೇಲೆ ಅಲ್ಲವೇ ಅಲ್ಲ. ಹೆಸರಿನವರಿಗೆ ಬರಬೇಕಾದದ್ದು ಲೆಕ್ಕಪುಸ್ತಕದ ಮೊದಲ ಸಾಲಿನಿಂದಲೇ ಬಂದುಬಿಡುತ್ತದೆ. ಒಲೆ ಹಚ್ಚಿದವನು ಕೊನೆ ಸಾಲಿನವರೆಗೂ ಕಾಯಬೇಕು. ಮಳೆ ಬಂದು ಜನ ಬರಲಿಲ್ಲ, ಟೊಮೆಟೊ ಕೆಜಿ ನೂರು ದಾಟಿತು, ಭಟ್ಟರು ಊರಿಗೆ ಹೋದವರು ವಾಪಸ್ ಬರಲಿಲ್ಲ. ಇದೆಲ್ಲಾ ಕೊನೆ ಸಾಲಿನವನ ತಲೆನೋವು.

ಜೇಮಿ ಆಲಿವರ್‌ಗೆ ಆದದ್ದು ಇದೇ. ಬ್ರಿಟನ್ನಿನೊಳಗೆ ಅವರು ಹೆಸರಿನವರೂ ಹೌದು, ಒಲೆಯವರೂ ಹೌದು. ಬಾಡಿಗೆ ಏರಿತು, ಅಲ್ಲಿನ ಕಟ್ಟಡ ತೆರಿಗೆ ಏರಿತು, ಕನಿಷ್ಠ ವೇತನ ಏರಿತು. 2016ರಲ್ಲಿ ಐರೋಪ್ಯ ಒಕ್ಕೂಟ ಬಿಡೋಣ ಅಂತ ಜನ ಓಟು ಹಾಕಿದ ಮೇಲೆ ಪೌಂಡ್ ಬಿದ್ದು, ಇಟಲಿಯಿಂದ ಬರುವ ಸಾಮಾನು ದುಬಾರಿಯಾಯಿತು. ಪಕ್ಕದಲ್ಲೇ ಅಂಥದೇ ಇನ್ನೂ ಹತ್ತು ಚೈನ್ ಹೋಟೆಲ್. 2017ರಲ್ಲಿ ಕೈಯಲ್ಲಿ ದುಡ್ಡೇ ಇಲ್ಲದ ಹಂತ ಬಂದು, ಜೇಮಿ ತಮ್ಮ ಸ್ವಂತ ದುಡ್ಡಿನಿಂದ ಸುಮಾರು 1.3 ಕೋಟಿ ಪೌಂಡ್ ಸುರಿದರು. ಆದರೂ ಉಳಿಯಲಿಲ್ಲ. 2019ರ ಮೇ ತಿಂಗಳಲ್ಲಿ 25 ಹೋಟೆಲ್‌ಗಳಲ್ಲಿ 22 ಒಂದೇ ದಿನ ಬಾಗಿಲು ಹಾಕಿದವು. ಸುಮಾರು 1,000 ಜನರ ಕೆಲಸ ಹೋಯಿತು. ಸಾಲ 8.3 ಕೋಟಿ ಪೌಂಡ್ ಅಂತ ಲೆಕ್ಕ ಸಿಕ್ಕಿತು.

ಈಗ ಇನ್ನೊಂದು ಕಡೆ ನೋಡಿ. ಅದೇ ಹೆಸರಿನ, ಅದೇ ಮೆನುವಿನ ಹೋಟೆಲ್‌ಗಳು ಬೇರೆ ದೇಶಗಳಲ್ಲೂ ಇದ್ದವು. ಅಲ್ಲಿ ಜೇಮಿ ಹೆಸರು ಮಾತ್ರ ಕೊಟ್ಟಿದ್ದರು. ಜಾಗ, ಒಲೆ, ಸಂಬಳ ಎಲ್ಲಾ ಫ್ರಾಂಚೈಸಿ ತೆಗೆದುಕೊಂಡವರದು. ಬ್ರಿಟನ್ನಿನ ಕಂಪನಿ ಮುಳುಗಿದಾಗ ಅವಕ್ಕೆ ಏನೂ ಆಗಲಿಲ್ಲ. ಪುಸ್ತಕ, ಟಿವಿ, ಪಾತ್ರೆಗಳ ಕಂಪನಿಯೂ ನಡೆಯುತ್ತಲೇ ಇತ್ತು. 2023ರಲ್ಲಿ ಲಂಡನ್ನಿನಲ್ಲಿ ಮತ್ತೆ ಒಂದು ರೆಸ್ಟೋರೆಂಟ್ ತೆರೆದರು. ಒಂದೇ ಒಂದು.

ಇದನ್ನು ಭಾರಿ ಜಾಣತನ ಅಂತ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಕಂಪನಿ ಬೇರೆ ಬೇರೆ ಮಾಡುವುದು ಕಾನೂನು ಪ್ರಕಾರ ಸರಿ, ನಾನೂ ಅದನ್ನೇ ಮಾಡಿಸುತ್ತೇನೆ. ಆದರೆ ಹೀಗೆ ಎರಡು ಕಂಪನಿಗಳ ನಡುವೆ ಎದ್ದ ಗೋಡೆಯ ಆಚೆ ಕಡೆ ತರಕಾರಿ ಕೊಟ್ಟು ಬಿಲ್‌ಗೆ ಕಾಯುತ್ತಿರುವವನೂ ಇರುತ್ತಾನೆ. ಬಾಗಿಲು ಹಾಕಿದ ಹೋಟೆಲ್‌ಗಳ ಫೈಲಿನಲ್ಲಿ ಕೊಡಬೇಕಾದವರ ಪಟ್ಟಿ ಮಾಡುವಾಗ ಮೊಸರಿನವರು, ಬಾಳೆಎಲೆಯವರು, ಲಾಂಡ್ರಿಯವರ ಹೆಸರುಗಳು ಸಾಲಾಗಿ ಬರುತ್ತವೆ. ಬೋರ್ಡಿನ ಮೇಲಿನ ಹೆಸರು ನೋಡಿಯೇ ಅವರು ಸಾಲ ಕೊಟ್ಟಿರುತ್ತಾರೆ, ಅಲ್ವಾ.

ಹೆಸರಿಗೂ ಒಲೆಗೂ ನಡುವೆ ಗೋಡೆ ಕಟ್ಟಿದ ಮೇಲೂ ಅದನ್ನು ಒಡೆಯಲು ಒಂದು ಕಾಗದ ಸಾಕು: ಪರ್ಸನಲ್ ಗ್ಯಾರಂಟಿ. ಬ್ರಿಟನ್ನಿನ ಇನ್ನೊಬ್ಬ ಶೆಫ್ ಗಾರ್ಡನ್ ರಾಮ್ಸೆಯವರನ್ನು ಕೇಳಿದರೆ ಗೊತ್ತಾಗುತ್ತದೆ. 2001ರಲ್ಲೇ ಮೂರು ಮಿಶೆಲಿನ್ ಸ್ಟಾರ್, ಅಂದರೆ ಹೋಟೆಲ್ ಲೋಕದ ದೊಡ್ಡ ಮನ್ನಣೆ, ಪಡೆದವರು, ಅಮೆರಿಕದ ಟಿವಿಯಲ್ಲಿ ಬೈಯುತ್ತಲೇ ಮನೆಮಾತಾದವರು. 2020ರ ಫೋರ್ಬ್ಸ್ ಪಟ್ಟಿಯಲ್ಲಿ ಅವರ ಒಂದು ವರ್ಷದ ಗಳಿಕೆ 7 ಕೋಟಿ ಡಾಲರ್. ಇಂಥವರು ಲಂಡನ್ನಿನ ಯಾರ್ಕ್ ಅಂಡ್ ಆಲ್ಬನಿ ಅನ್ನೋ ಪಬ್ ಬಾಡಿಗೆಗೆ ಹಿಡಿದರು. 25 ವರ್ಷದ ಒಪ್ಪಂದ, ವರ್ಷಕ್ಕೆ 6,40,000 ಪೌಂಡ್ ಬಾಡಿಗೆ. ಕಂಪನಿ ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅಂತ ರಾಮ್ಸೆ ಹೆಸರಲ್ಲಿ ವೈಯಕ್ತಿಕ ಗ್ಯಾರಂಟಿ. ಆ ಸಹಿ ನಾನು ಹಾಕಿದ್ದೇ ಅಲ್ಲ, ಆಗ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಾವ ಸಹಿ ಹಾಕುವ ಯಂತ್ರದಿಂದ ಹಾಕಿಸಿದರು ಅಂತ ರಾಮ್ಸೆ ಕೋರ್ಟಿಗೆ ಹೋದರು. ಲೇಖಕರು ಪುಸ್ತಕಗಳ ರಾಶಿಗೆ ಸಹಿ ಹಾಕಲು ಬಳಸುತ್ತಾರಲ್ಲ, ಅಂಥ ಯಂತ್ರ. 2015ರಲ್ಲಿ ತೀರ್ಪು ಬಂತು. ನಿಮ್ಮ ಪರವಾಗಿ ವ್ಯವಹಾರ ಮಾಡುವ ಅಧಿಕಾರ ಮಾವನಿಗೆ ನೀವೇ ಕೊಟ್ಟಿದ್ದಿರಿ, ಆದ್ದರಿಂದ ಗ್ಯಾರಂಟಿ ನಿಮ್ಮನ್ನು ಕಟ್ಟಿಹಾಕುತ್ತದೆ ಅಂದರು ಜಡ್ಜ್.

ಇದನ್ನು ಓದಿದ ದಿನದಿಂದ ನಾನು ಕ್ಲೈಂಟ್‌ಗಳ ಡಿಜಿಟಲ್ ಸಿಗ್ನೇಚರ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚಿ ಅವರ ಸಹಿ ಹಾಕುವ ಪೆನ್‌ಡ್ರೈವ್ ಥರದ್ದು) ನಮ್ಮ ಆಫೀಸ್ ಡ್ರಾಯರ್‌ನಲ್ಲಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಕೆಲಸ ಸಲೀಸು, ನಿಜ. ಬೇಡ.

ಹೆಸರಿಗೆ ಬೆಲೆ ಎಷ್ಟು ಅಂತ ಕೇಳಿದವರಿಗೆ ಅಮೆರಿಕದ ಟಿವಿ ಶೆಫ್ ಎಮೆರಿಲ್ ಲಗಾಸಿ ಉದಾಹರಣೆ ಸಾಕು. 2008ರಲ್ಲಿ, ಅಡುಗೆ, ಮನೆ ಅಲಂಕಾರದ ಕಾರ್ಯಕ್ರಮಗಳಿಂದ ಅಲ್ಲಿ ಹೆಸರಾದ ಮಾರ್ಥಾ ಸ್ಟೀವರ್ಟ್ ಅವರ ಕಂಪನಿ ಎಮೆರಿಲ್ ಅವರ ಟಿವಿ ಕಾರ್ಯಕ್ರಮ, ಪುಸ್ತಕ, ಅಡುಗೆಮನೆ ಸಾಮಾನುಗಳ ಹಕ್ಕು ಕೊಂಡಿತು. 4.5 ಕೋಟಿ ಡಾಲರ್ ನಗದು, ಜೊತೆಗೆ 50 ಲಕ್ಷ ಡಾಲರಿನ ಷೇರು. ರೆಸ್ಟೋರೆಂಟ್‌ಗಳು ಆ ವ್ಯಾಪಾರದಲ್ಲಿ ಸೇರಿರಲಿಲ್ಲ. ನಮ್ಮ ದೇಶದ ಸಂಜೀವ್ ಕಪೂರ್ ಕೂಡ 1993ರಲ್ಲಿ ಝೀ ಟಿವಿಯ 'ಖಾನಾ ಖಜಾನಾ'ದಿಂದ ಮನೆಮನೆಗೆ ಬಂದವರು. ಆಮೇಲೆ 2009ರಲ್ಲಿ ವಂಡರ್‌ಶೆಫ್ ಪಾತ್ರೆ ಕಂಪನಿಗೆ ಪಾಲುದಾರರಾದರು, 2011ರಲ್ಲಿ ಫುಡ್‌ಫುಡ್ ಚಾನೆಲ್ ತಂದರು. ಬೇರೆಯವರ ಚಾನೆಲ್ಲಿನಲ್ಲಿ ಮುಖ ತೋರಿಸುವುದಕ್ಕೂ ಚಾನೆಲ್ಲಿನಲ್ಲೇ ಪಾಲಿರುವುದಕ್ಕೂ ಬ್ಯಾಲೆನ್ಸ್ ಶೀಟ್‌ನಲ್ಲಿ ಅಜಗಜಾಂತರ. ಸಂಭಾವನೆ ಆ ವರ್ಷದ ಆದಾಯ ಅಷ್ಟೇ, ಪಾಲು ಆಸ್ತಿ.

ಇದೆಲ್ಲಾ ಬರೆಯೋಕೆ ಕಾರಣ ಈಚೆಗೆ ಬಂದ ಒಬ್ಬ ಕ್ಲೈಂಟ್. ಟಿವಿ ಅಡುಗೆ ಕಾರ್ಯಕ್ರಮದಲ್ಲಿ ಮುಖ ಪರಿಚಯವಾದವರು. ಹಣ ಹಾಕುವವರೊಬ್ಬರು ಸಿಕ್ಕಿದ್ದರು, ಇವರ ಹೆಸರಲ್ಲಿ ಹೋಟೆಲ್ ಮಾಡೋಣ ಅಂತ. ಕರಡು ಒಪ್ಪಂದ ತಂದು ನನ್ನ ಮೇಜಿನ ಮೇಲಿಟ್ಟರು. ಮೊದಲ ಪುಟಗಳೆಲ್ಲಾ ಚೆನ್ನಾಗಿದ್ದವು. ಮಾರಾಟದ ಮೇಲೆ 5% ರಾಯಲ್ಟಿ, ಫೋಟೊ ಬಳಸಲು ಬೇರೆ ದುಡ್ಡು. ಕೊನೆಗೆ ಅನುಬಂಧ ಅಂತ ಇನ್ನೊಂದು ಹಾಳೆ. ಬ್ಯಾಂಕ್ ಸಾಲಕ್ಕೂ ಬಾಡಿಗೆ ಕರಾರಿಗೂ ಇವರು ಜಾಮೀನುದಾರ.

"ಮೇಡಂ, ಬೋರ್ಡಲ್ಲಿ ನಂದೇ ಹೆಸರು ಇರುತ್ತೆ. ನಾನೇ ಸೈನ್ ಹಾಕಲ್ಲ ಅಂದ್ರೆ ಅವ್ರು ಏನಂದ್ಕೋತಾರೆ?"

"ಹೆಸರು ಕೊಡೋದಕ್ಕೆ ಅವ್ರು ನಿಮಗೆ ದುಡ್ಡು ಕೊಡ್ತಾರೆ. ಜಾಮೀನು ಹಾಕೋದಕ್ಕೆ ಎಷ್ಟು ಕೊಡ್ತಾರಂತೆ?"

ಅವರು ನಕ್ಕರು. ಆಮೇಲೆ ಒಂದು ಹೊತ್ತು ಸುಮ್ನೆ ಕೂತು, ಮನೆ ಪತ್ರ ಹೆಂಡತಿ ಹೆಸರಲ್ಲಿದೆ, ಅದಕ್ಕೂ ತೊಂದರೆ ಆಗುತ್ತಾ ಅಂತ ಕೇಳಿದರು. ಅಷ್ಟರಲ್ಲೇ ಅವರಿಗೆ ವಿಷಯ ಹತ್ತಿತ್ತು.

ಅನುಬಂಧ ಕಿತ್ತು ಹಾಕಿಸಿದೆವು. ಬದಲಿಗೆ ರಾಯಲ್ಟಿ 5ರಿಂದ 4ಕ್ಕೆ ಇಳಿಯಿತು, ಅದು ನ್ಯಾಯವೇ. ಜವಾಬ್ದಾರಿ ಕಡಿಮೆ ಇದ್ದವರಿಗೆ ಪಾಲೂ ಕಡಿಮೆ. ಮಾರಾಟ ಎಷ್ಟೇ ಆದರೂ ತಿಂಗಳಿಗೆ ಇಷ್ಟು ಅಂತ ಕನಿಷ್ಠ ಮೊತ್ತ ಬರೆಸಿದೆವು. ಪಾಕವಿಧಾನಗಳು ಇವರವು, ಹೋಟೆಲ್‌ಗೆ ಬಳಸಲು ಮಾತ್ರ ಕೊಟ್ಟದ್ದು ಅಂತಲೂ ಸೇರಿಸಿದೆವು. ಒಂದು ವಿಷಯಕ್ಕೆ ಮಾತ್ರ ಇನ್ನೂ ಜಗ್ಗಾಟ ನಡೆದಿದೆ. ವ್ಯವಹಾರ ಮುರಿದರೆ ಎಷ್ಟು ದಿನದೊಳಗೆ ಬೋರ್ಡ್ ಇಳಿಸಬೇಕು ಅನ್ನೋದು. ನಾವು ಏಳು ದಿನ ಅಂತೀವಿ, ಅವರು ಆರು ತಿಂಗಳು ಅಂತಾರೆ. ಮುಚ್ಚಿದ ಹೋಟೆಲ್ ಮೇಲೆ ಹೆಸರು ಆರು ತಿಂಗಳು ನೇತಾಡಿದರೆ ಬಾಡಿಗೆ ಬಾಕಿ ಕೇಳುವವರು ನಮ್ಮ ಕ್ಲೈಂಟ್ ಮನೆಗೇ ಬರುತ್ತಾರೆ ಅಂತ ಅವರ ವಕೀಲರಿಗೆ ಮತ್ತೆ ಬರೆದಿದ್ದೇನೆ. ಸೋಮವಾರ ಉತ್ತರ ಕೊಡುತ್ತಾರಂತೆ.